ಹೆಸರಿಗೆ ವಸಂತ, ತೊಡಗುವುದು ಹಿಮದಲ್ಲಿ: ಶಿಕಾಗೋಗೆ ಹೊರಟ ವಿದ್ಯಾರ್ಥಿನಿಗೆ ಉತ್ತರ

ಪ್ರಶ್ನೆ: ನಾನು ದಾವಣಗೆರೆಯವಳು. ಬೆಂಗಳೂರಿನಲ್ಲಿ ಅರ್ಥಶಾಸ್ತ್ರ ಪದವಿಯ ಮೂರನೇ ವರ್ಷದಲ್ಲಿದ್ದೇನೆ. ವಿನಿಮಯ ಕಾರ್ಯಕ್ರಮದಡಿ ಬರುವ ಜನವರಿಯಿಂದ ಮೇ ಮಧ್ಯದವರೆಗೆ ಶಿಕಾಗೋದ ವಿಶ್ವವಿದ್ಯಾಲಯವೊಂದರಲ್ಲಿ ಓದಲು ಆಯ್ಕೆಯಾಗಿದ್ದೇನೆ. ವಿನಿಮಯದವರಿಗೆ ಕೊಡುವ ಜೆ-1 ವೀಸಾ. ಕಳೆದ ಸಲ ಹೋಗಿಬಂದ ಹಿರಿಯರು ನಾಲ್ಕು ತಿಂಗಳಲ್ಲಿ ಒಂಬತ್ತು ನಗರ ನೋಡಿದೆವು ಎನ್ನುತ್ತಾರೆ. ನಾನೂ ನ್ಯೂಯಾರ್ಕ್, ವಾಷಿಂಗ್ಟನ್, ಬಾಸ್ಟನ್, ನಯಾಗರಾ, ಮಯಾಮಿ ಎಂದು ಪಟ್ಟಿ ಮಾಡಿಟ್ಟಿದ್ದೇನೆ. ಓದು ಕೆಡದಂತೆ ಇಷ್ಟನ್ನು ನೋಡಲು ಆಗುತ್ತದೆಯೇ? ವಾಷಿಂಗ್ಟನ್ನಿನ ಚೆರಿ ಹೂವುಗಳನ್ನಂತೂ ನೋಡಲೇಬೇಕೆಂಬ ಆಸೆ. ವಾಪಸು ಬರುವ ಟಿಕೆಟ್ ಯಾವ ದಿನಕ್ಕೆ ಮಾಡಿಸಬೇಕು ಎಂದು ಅಪ್ಪ ದಿನವೂ ಕೇಳುತ್ತಿದ್ದಾರೆ.

ಉತ್ತರ: ನಿಮ್ಮ ಪತ್ರ ಓದಿ ಸಂತೋಷವಾಯಿತು. ಪಟ್ಟಿ ಓದಿ ಸ್ವಲ್ಪ ಚಿಂತೆಯೂ ಆಯಿತು. ಹದಿನಾಲ್ಕು ವರ್ಷಗಳಿಂದ ವಿನಿಮಯ ವಿದ್ಯಾರ್ಥಿಗಳ ಕಾಗದಪತ್ರ, ಕೋರ್ಸು, ಪ್ರಯಾಣಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಅದಕ್ಕೂ ಮೊದಲು ನಾನೇ ಒಂದು ಜನವರಿಯಲ್ಲಿ ಶಿಕಾಗೋದಲ್ಲಿ ಇಳಿದವಳು. ಆದ್ದರಿಂದ ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಪಟ್ಟಿಯಲ್ಲಿ ಎರಡನ್ನು ಹೊಡೆದುಹಾಕಿ. ಶಿಕಾಗೋವನ್ನು ಅದರ ತಲೆಯ ಮೇಲೆ ಬರೆಯಿರಿ. ನೀವು ಬರೆದಿರುವ ಊರುಗಳಲ್ಲಿ ನೀವು ಬದುಕಲಿರುವ ಊರಿನ ಹೆಸರೇ ಇಲ್ಲ.

ಅಲ್ಲಿನ ವಿಶ್ವವಿದ್ಯಾಲಯಗಳು ಇದನ್ನು ವಸಂತದ ಸೆಮಿಸ್ಟರ್ ಎಂದು ಕರೆಯುತ್ತವೆ. ಆ ಹೆಸರನ್ನು ನಂಬಿ ನಮ್ಮ ಮಕ್ಕಳು ಮೋಸಹೋಗುತ್ತಾರೆ. ಜನವರಿ ಮಧ್ಯದಲ್ಲಿ ತರಗತಿ ತೊಡಗುವಾಗ ಶಿಕಾಗೋದಲ್ಲಿ ಹಗಲಿನ ಗರಿಷ್ಠ ಉಷ್ಣಾಂಶವೇ ಸುಮಾರು 0 ಡಿಗ್ರಿ ಸೆಲ್ಸಿಯಸ್. ರಾತ್ರಿ ಅದು ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗಿಳಿಯುವುದು ಸಾಮಾನ್ಯ. ಸಂಜೆ 4.45ರ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಮಧ್ಯಾಹ್ನದ ತರಗತಿ ಮುಗಿಸಿ ಹೊರಬಂದರೆ ಕತ್ತಲು. ಮೊದಲ ಮೂರು ವಾರ ಅಮ್ಮನಿಗೆ ಫೋನ್ ಮಾಡಿ ಅಳದ ವಿದ್ಯಾರ್ಥಿಗಳನ್ನು ನಾನು ಕಂಡಿರುವುದು ಕಡಿಮೆ. ಇದು ನಿಮ್ಮ ದೌರ್ಬಲ್ಯವಲ್ಲ, ಬೆಳಕಿನ ಕೊರತೆ. ಕ್ಯಾಂಪಸ್ಸಿನ ಆಪ್ತ ಸಮಾಲೋಚಕರ ಬಳಿ ಹೋಗಲು ಸಂಕೋಚಪಡಬೇಡಿ. ನೀವು ಕಟ್ಟುವ ಶುಲ್ಕಗಳಲ್ಲಿ ಆ ಸೇವೆಯೂ ಸೇರಿರುವುದೇ ಹೆಚ್ಚು.

ನಮ್ಮ ವಸಂತಕ್ಕೂ ಅಲ್ಲಿಯದಕ್ಕೂ ಇರುವ ವ್ಯತ್ಯಾಸವನ್ನು ಮನಸ್ಸಿಗೆ ತಂದುಕೊಳ್ಳಿ. ನಮಗೆ ಹೊಂಗೆ ಚಿಗುರಿ ಮಾವು ಹೂಬಿಟ್ಟಿತೆಂದರೆ ಬಿಸಿಲು ಬಂತೆಂದೇ ಅರ್ಥ. ಅಲ್ಲಿ ವಸಂತ ಅಂಜುತ್ತಂಜುತ್ತ ಬರುತ್ತದೆ, ಮತ್ತೆ ಹಿಂದಕ್ಕೆ ಹೋಗುತ್ತದೆ. ಮಾರ್ಚಿನಲ್ಲಿ ಒಂದು ದಿನ ಸ್ವೆಟರ್ ಸಾಕೆನಿಸಿದರೆ ಮರುದಿನ ಹಿಮ ಬೀಳಬಹುದು. ಏಪ್ರಿಲ್‌ನಲ್ಲೂ ಹಿಮ ಬಿದ್ದಿರುವುದುಂಟು. ಅದರಲ್ಲೂ ಶಿಕಾಗೋಗೆ ಮಿಶಿಗನ್ ಸರೋವರದ್ದೇ ಒಂದು ಲೆಕ್ಕ. ಚಳಿಗಾಲವಿಡೀ ತಣ್ಣಗಾದ ಆ ಅಗಾಧ ನೀರು ಬೇಗ ಬಿಸಿಯಾಗುವುದಿಲ್ಲ. ನೆಲ ಮಾತ್ರ ಬೇಗ ಕಾಯುತ್ತದೆ. ಕಾದ ನೆಲದ ಗಾಳಿ ಮೇಲೇರಿದಾಗ ಆ ಜಾಗಕ್ಕೆ ಸರೋವರದ ತಣ್ಣನೆಯ ಗಾಳಿ ನುಗ್ಗುತ್ತದೆ. ಹೀಗಾಗಿ ಒಂದೇ ಮಧ್ಯಾಹ್ನ ನಗರದ ಪಶ್ಚಿಮಕ್ಕೆ ಹಿತವಾದ ಬಿಸಿಲಿದ್ದರೆ ದಂಡೆಯ ಬಳಿ ಹತ್ತು ಡಿಗ್ರಿ ಕಡಿಮೆ ಇರಬಹುದು. ಹವಾಮಾನ ವರದಿಯಲ್ಲಿ ‘ಸರೋವರದ ಹತ್ತಿರ ಇನ್ನೂ ತಂಪು’ ಎಂಬ ಮಾತು ಮೇ ತಿಂಗಳವರೆಗೂ ಕೇಳಿಬರುತ್ತದೆ. ಆ ಮಾತನ್ನು ಗೌರವಿಸಿ. ಜಾಕೆಟ್ಟನ್ನು ಏಪ್ರಿಲ್‌ನಲ್ಲಿ ಪೆಟ್ಟಿಗೆಯ ತಳಕ್ಕೆ ಹಾಕಬೇಡಿ.

ಆ ಜಾಕೆಟ್ಟನ್ನು ಇಲ್ಲಿ ಕೊಳ್ಳುವುದೂ ಬೇಡ. ಬೆಂಗಳೂರಿನ ಅಂಗಡಿಗಳಲ್ಲಿ ಸಿಗುವುದು ಬಹುತೇಕ ಊಟಿ, ಮನಾಲಿಗೆ ಹೊಂದುವ ಬಟ್ಟೆ. ವಿಮಾನ ಇಳಿದು ಮೊದಲ ವಾರ ದೂಡಲು ಸಾಕಾಗುವಷ್ಟು ಒಯ್ಯಿರಿ. ಒಳಗೆ ತೊಡುವ ಥರ್ಮಲ್, ಉಣ್ಣೆಯ ಕಾಲುಚೀಲ, ಟೋಪಿ, ಕೈಗವಸು ಇದ್ದರಾಯಿತು. ದಪ್ಪ ಜಾಕೆಟ್ ಮತ್ತು ನೀರು ಇಳಿಯದ ಬೂಟುಗಳನ್ನು ಅಲ್ಲಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಕೊಳ್ಳಿ. ಹೊಸದರ ಕಾಲುಭಾಗ ಬೆಲೆಗೆ ಒಳ್ಳೆಯದು ಸಿಗುತ್ತದೆ, ಹೊರಡುವಾಗ ಮತ್ತೆ ಅಲ್ಲಿಯೇ ಕೊಟ್ಟುಬರಬಹುದು. ಬೆಲೆಚೀಟಿಯ ಮೇಲಿರುವುದು ನೀವು ಕೊಡುವ ಬೆಲೆಯಲ್ಲ ಎಂಬುದು ನೆನಪಿರಲಿ. ಮಾರಾಟ ತೆರಿಗೆ ಬಿಲ್ಲಿನಲ್ಲಿ ಸೇರುತ್ತದೆ. ಶಿಕಾಗೋದಲ್ಲಿ ಅದು 10 ಪ್ರತಿಶತ ದಾಟುತ್ತದೆ, ನ್ಯೂಯಾರ್ಕ್ ನಗರದಲ್ಲಿ 8.875. ಕುಳಿತು ಊಟ ಮಾಡುವ ಹೋಟೆಲಿನಲ್ಲಿ ಇದರ ಮೇಲೆ 18ರಿಂದ 20 ಪ್ರತಿಶತ ಟಿಪ್ಸ್ ಕೊಡುವುದು ರೂಢಿ. ಬಡಿಸುವವರ ಸಂಬಳ ಬಹುಮಟ್ಟಿಗೆ ಅದರ ಮೇಲೆಯೇ ನಿಂತಿರುವುದರಿಂದ ಅದನ್ನು ತಪ್ಪಿಸಲು ನೋಡಬೇಡಿ. ಹನ್ನೆರಡು ಡಾಲರಿನ ಊಟ ಹದಿನೈದು ದಾಟುತ್ತದೆ ಎಂದೇ ಲೆಕ್ಕ ಹಾಕಿ.

ಇನ್ನು ಓದಿನ ವಿಷಯ. ನಿಮ್ಮ ಪ್ರಶ್ನೆಯ ಜೀವ ಇಲ್ಲಿದೆ. ನಮ್ಮ ಪದ್ಧತಿಯಲ್ಲಿ ಕೊನೆಯ ಪರೀಕ್ಷೆಯೇ ಭಾರ. ನಡುವೆ ಒಂದು ವಾರ ಕಳೆದುಹೋದರೂ ಕೊನೆಯ ತಿಂಗಳಲ್ಲಿ ತುಂಬಿಕೊಳ್ಳಬಹುದು. ಅಲ್ಲಿ ಹಾಗಿಲ್ಲ. ಮೊದಲ ತರಗತಿಯಲ್ಲಿ ಕೊಡುವ ಸಿಲಬಸ್ ಒಂದು ಕರಾರು ಪತ್ರವಿದ್ದಂತೆ. ಯಾವ ವಾರ ಏನು ಓದಿರಬೇಕು, ಯಾವ ದಿನ ಪ್ರಬಂಧ ಒಪ್ಪಿಸಬೇಕು, ತರಗತಿಯ ಚರ್ಚೆಗೆ ಎಷ್ಟು ಅಂಕ, ತಡವಾದರೆ ಎಷ್ಟು ಕಡಿತ, ಎಲ್ಲವೂ ಅದರಲ್ಲಿರುತ್ತದೆ. ಸುಮ್ಮನೆ ಕುಳಿತು ಕೇಳಿಸಿಕೊಳ್ಳುವ ಒಳ್ಳೆಯ ವಿದ್ಯಾರ್ಥಿನಿಗೆ ಚರ್ಚೆಯ ಅಂಕ ಬರುವುದಿಲ್ಲ. ನಿಮ್ಮಂತಹ ಹುಡುಗಿಯರು ಇಲ್ಲಿ ಮುಂದಿನ ಬೆಂಚಿನಲ್ಲಿ ಕುಳಿತು ಬರೆದುಕೊಳ್ಳುತ್ತಾ ಮೊದಲ ದರ್ಜೆ ಪಡೆದವರು. ಅಲ್ಲಿ ಬಾಯಿ ತೆರೆಯದೆ ಅಂಕ ಕಳೆದುಕೊಂಡು ಕಂಗಾಲಾಗುವುದನ್ನು ನೋಡಿ ನನಗೆ ಪ್ರತಿವರ್ಷ ನೋವಾಗುತ್ತದೆ. ಎರಡನೇ ವಾರದೊಳಗೆ ಪ್ರತಿ ಪ್ರಾಧ್ಯಾಪಕರ ಕಚೇರಿ ಸಮಯದಲ್ಲಿ ಒಮ್ಮೆಯಾದರೂ ಹೋಗಿ ಮಾತನಾಡಿ. ವಿದ್ಯಾರ್ಥಿಗಳಿಗಾಗಿಯೇ ಬಾಗಿಲು ತೆರೆದಿಟ್ಟು ಕಾಯುವ ಸಮಯ ಅದು. ಹೋಗದಿದ್ದರೆ ಆಸಕ್ತಿಯಿಲ್ಲ ಎಂದುಕೊಳ್ಳುತ್ತಾರೆಯೇ ಹೊರತು ವಿನಯ ಎಂದುಕೊಳ್ಳುವುದಿಲ್ಲ.

ಸೆಮಿಸ್ಟರಿನ ನಡಿಗೆ ಹೀಗಿರುತ್ತದೆ. ಮೊದಲ ವಾರ ಹತ್ತು ದಿನ ಕೋರ್ಸು ಬದಲಿಸಲು ಅವಕಾಶ. ಫೆಬ್ರವರಿ ಕೊನೆಯಿಂದ ಮಾರ್ಚ್ ಮೊದಲಾರ್ಧದವರೆಗೆ ಮಧ್ಯಾವಧಿ ಪರೀಕ್ಷೆಗಳು. ಮಾರ್ಚಿನಲ್ಲಿ ಸ್ಪ್ರಿಂಗ್ ಬ್ರೇಕ್ ಎಂಬ ಒಂದು ವಾರದ ರಜೆ. ಅದು ಮುಗಿದ ಮೇಲೆ ಉಸಿರು ಬಿಡಲೂ ಪುರುಸೊತ್ತಿಲ್ಲ: ಏಪ್ರಿಲ್‌ನಲ್ಲಿ ದೊಡ್ಡ ಪ್ರಬಂಧಗಳು, ಗುಂಪಿನ ಕೆಲಸಗಳು, ಮೇ ಮೊದಲ ಭಾಗದಲ್ಲಿ ಅಂತಿಮ ಪರೀಕ್ಷೆ. ಹೂವು ಅರಳುವುದೂ ಏಪ್ರಿಲ್‌ನಲ್ಲೇ. ಕಿಟಕಿಯ ಹೊರಗೆ ಮೊದಲ ಬಾರಿಗೆ ಮರ ಚಿಗುರುವ ವಾರವೇ ಹದಿನೈದು ಪುಟದ ಪ್ರಬಂಧ ಮೇಜಿನ ಮೇಲಿರುತ್ತದೆ. ಒಂಬತ್ತು ನಗರ ನೋಡಿದ ನಿಮ್ಮ ಹಿರಿಯರು ಏಪ್ರಿಲ್‌ನ ಶನಿವಾರ ಭಾನುವಾರಗಳನ್ನು ಬಸ್ಸಿನಲ್ಲಿ ಕಳೆದಿರುತ್ತಾರೆ. ಅವರ ಅಂಕಪಟ್ಟಿಯನ್ನು ಕೇಳಿ ನೋಡಿ.

ನಾನು ಹೇಳುವ ಕ್ರಮ ಇದಕ್ಕೆ ವಿರುದ್ಧ. ಪ್ರಯಾಣವನ್ನು ಸೆಮಿಸ್ಟರಿನ ಎರಡು ತುದಿಗಳಿಗೆ ತಳ್ಳಿ. ಓದು ಇನ್ನೂ ಹಗುರವಾಗಿರುವ ಫೆಬ್ರವರಿ ಆರಂಭದಲ್ಲಿ ಒಂದು ಸಣ್ಣ ಪ್ರಯಾಣ, ಮಾರ್ಚಿನ ರಜೆಯಲ್ಲಿ ಒಂದೇ ಒಂದು ಊರು, ಪರೀಕ್ಷೆ ಮುಗಿದ ಮೇಲೆ ಮೇ ಕೊನೆಯಲ್ಲಿ ಒಂದು ದೊಡ್ಡ ಪ್ರಯಾಣ. ಏಪ್ರಿಲ್ ಪೂರ್ತಿ ಶಿಕಾಗೋಗೆ ಮೀಸಲು. ಫೆಬ್ರವರಿಯ ಪ್ರಯಾಣಕ್ಕೆ ಮಿಲ್ವಾಕಿ ಸಾಕು. ರೈಲಿನಲ್ಲಿ ಒಂದೂವರೆ ಗಂಟೆ, ಬೆಳಿಗ್ಗೆ ಹೋಗಿ ರಾತ್ರಿ ಹಿಂತಿರುಗಬಹುದು. ಹಿಮದಲ್ಲಿ ರೈಲು ನಿಲ್ದಾಣ ಹುಡುಕುವುದು, ಸಮಯ ತಪ್ಪದೆ ಮರಳುವುದು, ಇವೆಲ್ಲ ಅಭ್ಯಾಸವಾಗಲು ಇಷ್ಟು ಚಿಕ್ಕದೇ ಒಳ್ಳೆಯದು.

ಮಾರ್ಚಿನ ರಜೆಗೆ ವಾಷಿಂಗ್ಟನ್ ಹೋಗಿ. ಆದರೆ ಚೆರಿ ಹೂವಿನ ಮೇಲೆ ಪಣ ಕಟ್ಟಿ ಹೋಗಬೇಡಿ. ಆ ಮರಗಳ ಕಥೆ ಗೊತ್ತಿದ್ದರೆ ಹೂವಿಲ್ಲದಾಗಲೂ ಅವು ಬೇರೆಯಾಗಿ ಕಾಣುತ್ತವೆ. 1910ರಲ್ಲಿ ಜಪಾನಿನಿಂದ ಬಂದ ಎರಡು ಸಾವಿರ ಸಸಿಗಳಿಗೆ ಕೀಟ, ರೋಗ ತಗುಲಿದ್ದರಿಂದ ಅಧ್ಯಕ್ಷ ಟಾಫ್ಟ್ ಅವರ ಒಪ್ಪಿಗೆ ಪಡೆದು ಅವನ್ನು ಸುಡಬೇಕಾಯಿತು. ಟೋಕಿಯೋದ ಮೇಯರ್ ಯುಕಿಯೋ ಒಝಾಕಿ ಅದನ್ನು ಅವಮಾನವೆಂದು ಭಾವಿಸದೆ 1912ರಲ್ಲಿ ಮತ್ತೆ 3,020 ಸಸಿಗಳನ್ನು ಕಳಿಸಿದರು. ಅದೇ ವರ್ಷದ ಮಾರ್ಚ್ 27ರಂದು ಮೊದಲ ಎರಡು ಸಸಿಗಳನ್ನು ಅಧ್ಯಕ್ಷರ ಪತ್ನಿ ಹೆಲೆನ್ ಟಾಫ್ಟ್ ಮತ್ತು ಜಪಾನಿ ರಾಯಭಾರಿಯ ಪತ್ನಿ ನೆಟ್ಟರು. ಟೈಡಲ್ ಬೇಸಿನ್ ಎಂಬ ಕೊಳದ ಸುತ್ತಲಿನ ಯೊಶಿನೋ ತಳಿಯ ಮರಗಳಲ್ಲಿ 70 ಪ್ರತಿಶತ ಹೂವು ಅರಳಿದ ದಿನವನ್ನು ಅಲ್ಲಿನ ರಾಷ್ಟ್ರೀಯ ಉದ್ಯಾನ ಇಲಾಖೆ ಹೂವಿನ ಉತ್ಕರ್ಷದ ದಿನ ಎಂದು ಘೋಷಿಸುತ್ತದೆ. ಸಾಮಾನ್ಯವಾಗಿ ಅದು ಮಾರ್ಚ್ ಕೊನೆಯ ವಾರದಿಂದ ಏಪ್ರಿಲ್ ಮೊದಲ ವಾರದೊಳಗೆ. ಆದರೆ 1990ರಲ್ಲಿ ಮಾರ್ಚ್ 15ಕ್ಕೇ ಅರಳಿತ್ತು, 1958ರಲ್ಲಿ ಏಪ್ರಿಲ್ 18ರವರೆಗೆ ಕಾಯಿಸಿತ್ತು. ಅರಳಿದ ಮೇಲೆ ಕೆಲವೇ ದಿನ. ಒಂದು ಗಾಳಿಮಳೆ ಬಂದರೆ ಮುಗಿಯಿತು. ಎರಡು ತಿಂಗಳ ಮೊದಲೇ ಕಾದಿರಿಸಿದ ಟಿಕೆಟ್ಟಿಗೆ ಆ ಹೂವು ಬದ್ಧವಾಗಿರುವುದಿಲ್ಲ. ನಿಮ್ಮ ರಜೆ ಮಾರ್ಚ್ ನಡುವಿನಲ್ಲಿದ್ದರೆ ಬಹುಶಃ ಮೊಗ್ಗು ಮಾತ್ರ ಕಾಣುತ್ತೀರಿ.

ಆದರೂ ವಾಷಿಂಗ್ಟನ್ ಏಕೆ ಎಂದರೆ, ಹಣ ಎಣಿಸಿ ಖರ್ಚು ಮಾಡುವ ವಿದ್ಯಾರ್ಥಿಗೆ ಅದಕ್ಕಿಂತ ಉದಾರವಾದ ನಗರ ಆ ದೇಶದಲ್ಲಿಲ್ಲ. ಸ್ಮಿತ್‌ಸೋನಿಯನ್ ಸಂಸ್ಥೆಯ ಅಲ್ಲಿನ ವಸ್ತುಸಂಗ್ರಹಾಲಯಗಳಿಗೆಲ್ಲ ಪ್ರವೇಶ ಉಚಿತ. ಅದಕ್ಕಿಂತ ನನಗೆ ಪ್ರಿಯವಾದದ್ದು ಲೈಬ್ರರಿ ಆಫ್ ಕಾಂಗ್ರೆಸ್. ಪಾಸ್‌ಪೋರ್ಟ್ ತೋರಿಸಿದರೆ ಹದಿನಾರು ವರ್ಷ ದಾಟಿದ ಯಾರಿಗೂ ಓದುಗರ ಕಾರ್ಡ್ ಮಾಡಿಕೊಡುತ್ತಾರೆ. ಅದರ ದೆಹಲಿ ಕಚೇರಿ ದಶಕಗಳಿಂದ ಕನ್ನಡ ಪುಸ್ತಕಗಳನ್ನೂ ಕೊಂಡು ಕಳಿಸುತ್ತಾ ಬಂದಿದೆ. ಕನ್ನಡ ಲೇಖಕರು ತಮ್ಮದೇ ದನಿಯಲ್ಲಿ ಓದಿದ ಧ್ವನಿಮುದ್ರಣಗಳೂ ಅಲ್ಲಿವೆ. ಆ ಓದುವ ಕೋಣೆಯಲ್ಲಿ ಒಂದು ಕನ್ನಡ ಪುಸ್ತಕ ತರಿಸಿಕೊಂಡು ಅರ್ಧ ದಿನ ಕುಳಿತುಬನ್ನಿ. ಮಯಾಮಿಯ ಕಡಲತೀರದಲ್ಲಿ ನಾಲ್ಕು ದಿನ ಕಳೆಯುವುದಕ್ಕಿಂತ ಇದು ಮೇಲು ಎಂದು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ. ಮಾರ್ಚಿನ ರಜೆಯಲ್ಲಿ ಮಯಾಮಿಯ ಹೋಟೆಲು ದರ ಏರಿರುತ್ತದೆ. ಇಪ್ಪತ್ತೊಂದು ತುಂಬದವರಿಗೆ ಕೋಣೆ ಕೊಡದ ಹೋಟೆಲುಗಳೂ ಉಂಟು. ಇಪ್ಪತ್ತೈದು ತುಂಬದವರು ಕಾರು ಬಾಡಿಗೆಗೆ ಪಡೆದರೆ ಹೆಚ್ಚುವರಿ ಶುಲ್ಕ. ಮಯಾಮಿಯನ್ನು ಬಿಡಿ.

ಬಾಸ್ಟನ್ನನ್ನೂ ಈ ಸಲ ಬಿಡಿ. ಅಲ್ಲಿನ ವಸಂತದ ದೊಡ್ಡ ದಿನ ಏಪ್ರಿಲ್ ಮೂರನೇ ಸೋಮವಾರದ ದೇಶಭಕ್ತರ ದಿನ. 1897ರಿಂದ ನಡೆದುಬಂದಿರುವ ಮ್ಯಾರಥಾನ್ ಅಂದೇ. ಆದರೆ ಅದು ಮೆಸಾಚೂಸೆಟ್ಸ್ ರಾಜ್ಯದ ರಜೆ, ಇಲಿನಾಯ್‌ಗೆ ಅಲ್ಲ. ನಿಮಗೆ ಅಂದು ತರಗತಿ ಇರುತ್ತದೆ.

ಈಗ ಹೂವಿನ ಆಸೆಗೆ ಬರೋಣ. ಶಿಕಾಗೋದ ದಕ್ಷಿಣಕ್ಕೆ ಜಾಕ್ಸನ್ ಪಾರ್ಕ್ ಇದೆ. 1893ರ ವಿಶ್ವ ಮೇಳ ನಡೆದದ್ದು ಅಲ್ಲಿಯೇ. ಮೇಳಕ್ಕೆ ಜಪಾನ್ ಅಲ್ಲಿನ ದ್ವೀಪದ ಮೇಲೆ ಒಂದು ಮಂಟಪ ಕಟ್ಟಿಸಿತ್ತು. ಆ ಮೇಳದ 120ನೇ ವರ್ಷದ ನೆನಪಿಗೆ 2013ರಲ್ಲಿ ಅಲ್ಲಿ ಚೆರಿ ಮರಗಳನ್ನು ನೆಟ್ಟರು. ಶಿಕಾಗೋದ ಚಳಿಯಿಂದಾಗಿ ಅವು ವಾಷಿಂಗ್ಟನ್ನಿನವುಗಳಿಗಿಂತ ತಡವಾಗಿ, ಏಪ್ರಿಲ್ ಉತ್ತರಾರ್ಧದಲ್ಲಿ ಅರಳುತ್ತವೆ. ನಿಮ್ಮ ಕೋಣೆಯಿಂದ ಬಸ್ಸಿನಲ್ಲಿ ಹೋಗಿ, ಒಂದು ಗಂಟೆ ಮರದ ಕೆಳಗೆ ಕುಳಿತು, ಸಂಜೆಗೆ ಪ್ರಬಂಧದ ಮುಂದೆ ಬರಬಹುದು. ತಡವಾದ ಹಿಮಗಾಳಿ ಮೊಗ್ಗುಗಳನ್ನು ಸುಟ್ಟ ವರ್ಷಗಳೂ ಇವೆ. ಆದರೆ ಇಂದು ಅರಳದಿದ್ದರೆ ನಾಳೆ ಮತ್ತೆ ಹೋಗಿ ನೋಡುವ ಅವಕಾಶ ಅದೇ ಊರಿನಲ್ಲಿರುವವರಿಗೆ ಮಾತ್ರ ಸಿಗುತ್ತದೆ.

ಅದೇ 1893ರ ಮೇಳದ ಜೊತೆಗೆ ನಡೆದದ್ದು ವಿಶ್ವ ಧರ್ಮ ಸಮ್ಮೇಳನ. ಸೆಪ್ಟೆಂಬರ್ 11ರಂದು ವಿವೇಕಾನಂದರು ಮಾತನಾಡಿದ ಕಟ್ಟಡ ಇಂದಿನ ಆರ್ಟ್ ಇನ್‌ಸ್ಟಿಟ್ಯೂಟ್. ಅದರ ಮುಂದಿನ ಮಿಶಿಗನ್ ಅವೆನ್ಯೂದ ತುಣುಕಿಗೆ ಅವರದೇ ಗೌರವನಾಮವಿದೆ. ನಮ್ಮ ಶಾಲೆಯ ಗೋಡೆಗಳ ಮೇಲೆ ಶಿಕಾಗೋ ಎಂಬ ಹೆಸರನ್ನು ಓದಿಕೊಂಡೇ ಬೆಳೆದವರಲ್ಲವೇ ನಾವು? ಅಲ್ಲಿ ನಿಂತಾಗ ನನಗೆ ಗಂಟಲು ಕಟ್ಟಿತ್ತು. ಹಲವು ಸ್ಥಳೀಯ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಈ ಸಂಗ್ರಹಾಲಯಕ್ಕೆ ಗುರುತಿನ ಚೀಟಿಯ ಮೇಲೆ ಉಚಿತ ಪ್ರವೇಶವಿದೆ. ನಿಮ್ಮದು ಆ ಪಟ್ಟಿಯಲ್ಲಿದೆಯೇ ಎಂದು ಮೊದಲ ವಾರವೇ ವಿಚಾರಿಸಿ. ಇದ್ದರೆ ಚಳಿಗಾಲವಿಡೀ ಅದನ್ನು ನಿಮ್ಮ ಮನೆಯ ಜಗಲಿಯಂತೆ ಬಳಸಿ: ಒಂದು ಸಲಕ್ಕೆ ಒಂದೇ ಕೋಣೆ, ಅರ್ಧ ಗಂಟೆ.

ಶಿಕಾಗೋದ ವಸಂತವನ್ನು ಹಂತ ಹಂತವಾಗಿ ನೋಡುವುದು ಹೇಗೆಂದು ಹೇಳುತ್ತೇನೆ. ಫೆಬ್ರವರಿಯಲ್ಲಿ ಹಸಿರಿಗಾಗಿ ಕಣ್ಣು ಬಾಯಾರಿದಾಗ ಗಾರ್‌ಫೀಲ್ಡ್ ಪಾರ್ಕ್ ಕನ್ಸರ್ವೇಟರಿಗೆ ಹೋಗಿ. 1908ರಲ್ಲಿ ತೆರೆದ ಗಾಜಿನ ಮನೆ ಅದು. ಒಳಗೆ ಕಾಲಿಟ್ಟ ಕೂಡಲೇ ಕನ್ನಡಕದ ಮೇಲೆ ಹಬೆ ಕೂರುತ್ತದೆ, ಮಳೆಗಾಲದ ಮಲೆನಾಡಿನ ಮಣ್ಣಿನ ವಾಸನೆ ಬರುತ್ತದೆ. ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ದಿನಕ್ಕೆ ಹೊಂದಿಕೊಂಡ ಶನಿವಾರ ನಗರದ ನಡುವಿನ ನದಿಗೆ ಹಸಿರು ಬಣ್ಣ ಹಾಕುತ್ತಾರೆ. 1962ರಿಂದ ನಡೆದುಬಂದ ಪದ್ಧತಿ ಇದು. ನದಿಗೆ ಕೊಳಚೆ ಬಿಡುವವರನ್ನು ಪತ್ತೆಹಚ್ಚಲು ಕೊಳಾಯಿ ಕೆಲಸಗಾರರು ಬಳಸುತ್ತಿದ್ದ ಬಣ್ಣದಿಂದ ಈ ಯೋಚನೆ ಹುಟ್ಟಿತು. ಇಂದಿಗೂ ಆ ಕೆಲಸಗಾರರ ಸಂಘದವರೇ ದೋಣಿಯಿಂದ ಪುಡಿ ಚೆಲ್ಲುತ್ತಾರೆ. ಪುಡಿಯ ಬಣ್ಣ ಕಿತ್ತಳೆ, ನೀರು ಸೋಕಿದೊಡನೆ ಹಸಿರು. ಬೆಳಿಗ್ಗೆ ಬೇಗ ಹೋಗಿ ನೋಡಿ, ಮಧ್ಯಾಹ್ನದ ಕುಡುಕರ ಗದ್ದಲಕ್ಕೆ ಮುಂಚೆ ಮರಳಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಏಪ್ರಿಲ್‌ನ ಸೇತುವೆಗಳು. ಚಳಿಗಾಲದಲ್ಲಿ ಹಾಯಿದೋಣಿಗಳನ್ನು ನದಿಯ ಮೇಲ್ಭಾಗದ ದೋಣಿಕಟ್ಟೆಗಳಲ್ಲಿ ಇಡುತ್ತಾರೆ. ವಸಂತ ಬಂದಾಗ ಅವು ಸರೋವರಕ್ಕೆ ಹೋಗಬೇಕು, ಆದರೆ ಕಂಬ ಎತ್ತರ. ಹಾಗಾಗಿ ಏಪ್ರಿಲ್‌ನಿಂದ ವಾರಕ್ಕೆರಡು ದಿನ, ಸಾಮಾನ್ಯವಾಗಿ ಬುಧವಾರ ಮತ್ತು ಶನಿವಾರ, ನಗರದ ನಟ್ಟನಡುವೆ ಒಂದಾದ ಮೇಲೊಂದು ಸೇತುವೆ ಇಬ್ಭಾಗವಾಗಿ ಮೇಲೇಳುತ್ತದೆ. ಗಂಟೆ ಬಾರಿಸುತ್ತದೆ, ಬಸ್ಸು ಕಾರುಗಳೆಲ್ಲ ನಿಲ್ಲುತ್ತವೆ, ಕಚೇರಿಗೆ ಓಡುತ್ತಿದ್ದವರು ಕೈಕಟ್ಟಿ ನಿಂತು ನೋಡುತ್ತಾರೆ. ಊರಿಗೆ ಊರೇ ದೋಣಿಗಳಿಗೆ ದಾರಿ ಬಿಟ್ಟುಕೊಡುವ ಆ ಹತ್ತು ನಿಮಿಷದಲ್ಲಿ ನನ್ನ ಪಾಲಿಗೆ ಚಳಿಗಾಲ ಮುಗಿದಿತ್ತು. ಮೇ ಮೊದಲೆರಡು ವಾರ, ಪರೀಕ್ಷೆಯ ನಡುವೆ ಒಂದು ಮುಂಜಾನೆ ಬಿಡುವಾದರೆ ಮಾಂಟ್ರೋಸ್ ಪಾಯಿಂಟ್‌ಗೆ ಹೋಗಿ. ದಕ್ಷಿಣದಿಂದ ಕೆನಡಾ ಕಡೆಗೆ ವಲಸೆ ಹೋಗುವ ಪುಟ್ಟ ಹಕ್ಕಿಗಳು ರಾತ್ರಿಯಿಡೀ ಹಾರಿ ದಣಿದು ಸರೋವರದ ದಂಡೆಯ ಪೊದೆಗಳಲ್ಲಿ ಇಳಿದಿರುತ್ತವೆ.

ಇವಕ್ಕೆಲ್ಲ ಪ್ರಯಾಣದ ಖರ್ಚು ಹೆಚ್ಚಿಲ್ಲ. ನಗರದ ಹಲವು ಕಾಲೇಜುಗಳು ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಯು-ಪಾಸ್ ಕೊಡುತ್ತವೆ. ಅದಿದ್ದರೆ ಸೆಮಿಸ್ಟರ್ ಪೂರ್ತಿ ಬಸ್ಸು ಮತ್ತು ‘ಎಲ್’ ಎಂದು ಕರೆಯುವ ನಗರ ರೈಲಿನಲ್ಲಿ ಎಷ್ಟು ಬೇಕಾದರೂ ಓಡಾಡಬಹುದು. ರಾತ್ರಿ ತಡವಾದರೆ ಚಾಲಕರಿರುವ ಮೊದಲ ಬೋಗಿಯಲ್ಲಿ ಕುಳಿತುಕೊಳ್ಳಿ. ತಿಂಗಳ ಮೊದಲ ಮಂಗಳವಾರ ಬೆಳಿಗ್ಗೆ 10 ಗಂಟೆಗೆ ಊರೆಲ್ಲ ಸೈರನ್ ಕೂಗಿದರೆ ಗಾಬರಿಯಾಗಬೇಡಿ, ಅದು ಪರೀಕ್ಷಾರ್ಥ. ಬೇರೆ ಹೊತ್ತಿನಲ್ಲಿ ಕೂಗಿದರೆ ಮಾತ್ರ ಸುಂಟರಗಾಳಿಯ ಎಚ್ಚರಿಕೆ ಎಂದು ತಿಳಿದು ಕಟ್ಟಡದ ಕೆಳಮಹಡಿಗೆ, ಕಿಟಕಿಗಳಿಂದ ದೂರಕ್ಕೆ ಹೋಗಿ. ವಸಂತವೇ ಅದರ ಕಾಲ.

ಅಮ್ಮನಿಗೊಂದು ಮಾತು ಮೊದಲೇ ಹೇಳಿಡಿ. ಮಾರ್ಚ್ ಎರಡನೇ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳುತ್ತಾರೆ. ಅಲ್ಲಿಯವರೆಗೆ ನಮಗೂ ಶಿಕಾಗೋಗೂ ಹನ್ನೊಂದೂವರೆ ಗಂಟೆ ಅಂತರ, ಆಮೇಲೆ ಹತ್ತೂವರೆ. ದಾವಣಗೆರೆಯಿಂದ ರಾತ್ರಿ ಎಂಟೂವರೆಗೆ ಬರುವ ಕರೆ ಚಳಿಗಾಲದಲ್ಲಿ ನಿಮಗೆ ಬೆಳಗಿನ 9 ಗಂಟೆಗೆ ಸಿಗುತ್ತದೆ, ಮಾರ್ಚ್ ನಂತರ 10ಕ್ಕೆ, ಅಂದರೆ ತರಗತಿಯಲ್ಲಿ. ಮಗಳು ಫೋನ್ ಎತ್ತುತ್ತಿಲ್ಲವೆಂದು ಕಂಗಾಲಾದ ತಂದೆ ತಾಯಿಯರು ಪ್ರತಿ ಮಾರ್ಚಿನಲ್ಲೂ ನನಗೆ ಕರೆ ಮಾಡುತ್ತಾರೆ. ಇನ್ನು ಯುಗಾದಿಗೆ ಒಬ್ಬಳೇ ಕೋಣೆಯಲ್ಲಿ ಕೂರಬೇಡಿ. ಶಿಕಾಗೋದ ವಿದ್ಯಾರಣ್ಯ ಕನ್ನಡ ಕೂಟಕ್ಕೆ ಫೆಬ್ರವರಿಯಲ್ಲೇ ಬರೆದು, ನಾನು ಕಾರಿಲ್ಲದ ವಿದ್ಯಾರ್ಥಿನಿ ಎಂದು ತಿಳಿಸಿ. ಹಬ್ಬದ ಕಾರ್ಯಕ್ರಮಗಳು ಹೆಚ್ಚಾಗಿ ಉಪನಗರಗಳಲ್ಲಿ, ವಾರಾಂತ್ಯದಲ್ಲಿ ನಡೆಯುತ್ತವೆ. ಹೀಗೆ ಬರೆದ ನಮ್ಮ ವಿದ್ಯಾರ್ಥಿಗಳನ್ನು ರೈಲು ನಿಲ್ದಾಣದಿಂದ ಯಾರಾದರೂ ಕರೆದೊಯ್ದು, ಹೋಳಿಗೆ ಕಟ್ಟಿಕೊಟ್ಟು ಕಳಿಸಿದ್ದಾರೆ. ಅಡುಗೆ ಸಾಮಾನಿಗೆ ಭಾರತೀಯ ಅಂಗಡಿಗಳ ಬೀದಿಯಾದ ಡೆವೊನ್ ಅವೆನ್ಯೂ ಇದೆ.

ಕಾಗದಪತ್ರದ ಮಾತು ಬೇಸರ ತರಿಸಿದರೂ ಗಮನವಿಟ್ಟು ಓದಿ. ಹೊರಡುವ ಮುನ್ನ, ಅಲ್ಲಿ ತೆಗೆದುಕೊಳ್ಳುವ ಪ್ರತಿ ಕೋರ್ಸಿಗೂ ಇಲ್ಲಿನ ಯಾವ ಕೋರ್ಸಿನ ಕ್ರೆಡಿಟ್ ಸಿಗುತ್ತದೆ ಎಂಬುದನ್ನು ನಿಮ್ಮ ವಿಭಾಗದಿಂದ ಬರಹದಲ್ಲಿ ಪಡೆಯಿರಿ. ಬಾಯಿಮಾತಿಗೆ ಬೆಲೆಯಿಲ್ಲ. ಮೊದಲ ವಾರದಲ್ಲಿ ಕೋರ್ಸು ಬದಲಾದರೆ ಮತ್ತೆ ಮಿಂಚಂಚೆ ಕಳಿಸಿ ಒಪ್ಪಿಗೆ ಪಡೆಯಿರಿ. ನನ್ನ ಬಳಿ ಬಂದ ಒಬ್ಬ ಹುಡುಗ ಅಲ್ಲಿ ಉತ್ತಮ ದರ್ಜೆ ಪಡೆದ ವಿಷಯವನ್ನೇ ಇಲ್ಲಿ ಮತ್ತೊಮ್ಮೆ ಓದಬೇಕಾಯಿತು. ಒಂದು ಸಾಲಿನ ಒಪ್ಪಿಗೆ ಅವನ ಕಡತದಲ್ಲಿರಲಿಲ್ಲ.

ಪ್ರಯಾಣ ಮಾಡುವಾಗಲೆಲ್ಲ ಪಾಸ್‌ಪೋರ್ಟ್, ವಿನಿಮಯ ಕಾರ್ಯಕ್ರಮದ ಅರ್ಹತೆ ತೋರಿಸುವ ಡಿಎಸ್-2019 ಪತ್ರ ಮತ್ತು ದೇಶದೊಳಗೆ ಬಂದದ್ದನ್ನು ತೋರಿಸುವ, ಮುದ್ರಿಸಿಕೊಂಡ ಐ-94 ದಾಖಲೆ ಜೊತೆಯಲ್ಲಿರಲಿ, ದೇಶದೊಳಗಿನ ಪ್ರಯಾಣವಾದರೂ ಸರಿ. ನಯಾಗರಾ ನೋಡುವುದಾದರೆ ಅಮೆರಿಕದ ದಂಡೆಯಿಂದಲೇ ನೋಡಿ. 1885ರಲ್ಲಿ ಸ್ಥಾಪಿಸಿದ ಅಲ್ಲಿನ ರಾಜ್ಯ ಉದ್ಯಾನಕ್ಕೆ ಪ್ರವೇಶ ಶುಲ್ಕವಿಲ್ಲ. ಎದುರಿನ ದಂಡೆಯ ನೋಟ ಚೆಂದವೆಂಬುದು ನಿಜ, ಆದರೆ ಸೇತುವೆ ದಾಟಲು ಭಾರತೀಯ ಪಾಸ್‌ಪೋರ್ಟಿಗೆ ಕೆನಡಾದ ವೀಸಾ ಬೇಕು. ವಿಮೆಯ ಪತ್ರವನ್ನೂ ಓದಿ. ಜೆ-1 ವಿದ್ಯಾರ್ಥಿಗೆ ಪ್ರತಿ ಕಾಯಿಲೆ ಅಥವಾ ಅಪಘಾತಕ್ಕೆ ಕನಿಷ್ಠ 1,00,000 ಡಾಲರ್ ವಿಮೆ ಕಡ್ಡಾಯ. ಆದರೂ ಜ್ವರ, ಹೊಟ್ಟೆನೋವಿಗೆ ಮೊದಲು ಕ್ಯಾಂಪಸ್ಸಿನ ಆರೋಗ್ಯ ಕೇಂದ್ರಕ್ಕೆ ಹೋಗಿ. ಆಸ್ಪತ್ರೆಯ ತುರ್ತು ವಿಭಾಗ ಪ್ರಾಣಾಪಾಯಕ್ಕೆ ಮಾತ್ರ.

ಅಪ್ಪನ ಪ್ರಶ್ನೆಗೆ ಉತ್ತರ ಇಲ್ಲಿದೆ. ನಿಮ್ಮ ಡಿಎಸ್-2019ರಲ್ಲಿ ಕಾರ್ಯಕ್ರಮ ಮುಗಿಯುವ ದಿನಾಂಕ ಮುದ್ರಿತವಾಗಿರುತ್ತದೆ. ಅದರ ನಂತರ 30 ದಿನ ಅಮೆರಿಕದಲ್ಲಿದ್ದು ತಿರುಗಾಡಲು ಜೆ-1ಗೆ ಅವಕಾಶವಿದೆ. ಆ ಅವಧಿಯಲ್ಲಿ ದೇಶದಿಂದ ಹೊರಗೆ ಕಾಲಿಟ್ಟರೆ ಅದೇ ಪತ್ರದ ಮೇಲೆ ಮತ್ತೆ ಒಳಗೆ ಬರುವಂತಿಲ್ಲ. ಕೆಲಸವನ್ನೂ ಮಾಡುವಂತಿಲ್ಲ. ವಿಶ್ವವಿದ್ಯಾಲಯದ ವಿಮೆ ಕಾರ್ಯಕ್ರಮದ ಕೊನೆಯ ದಿನವೇ ಮುಗಿಯಬಹುದು, ಆದ್ದರಿಂದ ಉಳಿಯುವ ದಿನಗಳಿಗೆ ಬೇರೆ ವಿಮೆ ಮಾಡಿಸಿ. ಹಾಸ್ಟೆಲ್ ಕೋಣೆಯನ್ನೂ ಕೊನೆಯ ಪರೀಕ್ಷೆಯಾಗಿ ಒಂದೆರಡು ದಿನದಲ್ಲಿ ಖಾಲಿ ಮಾಡಿಸುತ್ತಾರೆ. ನಿಯಮಗಳು ಬದಲಾಗಬಹುದಾದ್ದರಿಂದ ಏಪ್ರಿಲ್‌ನಲ್ಲಿ ಒಮ್ಮೆ ಅಲ್ಲಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ನಿಮ್ಮ ದಿನಾಂಕವನ್ನು ಖಚಿತಪಡಿಸಿಕೊಳ್ಳಿ.

ಹೀಗೆ ಮಾಡಿ. ಹೋಗುವ ಟಿಕೆಟ್ ಶಿಕಾಗೋಗೆ, ಬರುವ ಟಿಕೆಟ್ ನ್ಯೂಯಾರ್ಕಿನಿಂದ. ದಿನಾಂಕ ಬದಲಿಸಲು ಅವಕಾಶವಿರುವ ಟಿಕೆಟ್ಟನ್ನೇ ಕೊಳ್ಳಿ. ಕಾರ್ಯಕ್ರಮ ಮುಗಿದ ದಿನದಿಂದ ಎಂಟು ಹತ್ತು ದಿನ ಸಾಕು. ಮೇ ಕೊನೆಯ ಸೋಮವಾರ ಅಲ್ಲಿ ಹುತಾತ್ಮ ಯೋಧರ ಸ್ಮರಣೆಯ ರಜೆ, ಅದಕ್ಕೆ ಅಂಟಿದ ಮೂರು ದಿನ ಪ್ರಯಾಣ ದುಬಾರಿ, ಅದನ್ನು ತಪ್ಪಿಸಿ. ಶಿಕಾಗೋದಿಂದ ನ್ಯೂಯಾರ್ಕಿಗೆ ವಿಮಾನದ ಬದಲು ರಾತ್ರಿ ರೈಲು ಹಿಡಿಯಿರಿ. ಲೇಕ್ ಶೋರ್ ಲಿಮಿಟೆಡ್ ಎಂಬ ಆ ಗಾಡಿಗೆ ಸುಮಾರು ಇಪ್ಪತ್ತು ಗಂಟೆ ಬೇಕು. ಎರಡು ದೊಡ್ಡ ಪೆಟ್ಟಿಗೆಗಳನ್ನು ಹೆಚ್ಚಿನ ಹಣವಿಲ್ಲದೆ ಲಗೇಜಿಗೆ ಹಾಕಬಹುದು. ನಾಲ್ಕು ತಿಂಗಳ ಸಾಮಾನು ಹೊತ್ತವರಿಗೆ ಇದೇ ದೊಡ್ಡ ಉಳಿತಾಯ. ಆಲ್ಬನಿ ದಾಟಿದ ಮೇಲೆ ಬಲಬದಿಯ ಕಿಟಕಿಯ ಪಕ್ಕ ಕುಳಿತರೆ ಸಂಜೆಯ ಬೆಳಕಿನಲ್ಲಿ ಹಡ್ಸನ್ ನದಿ ಊರು ಬರುವವರೆಗೂ ಜೊತೆಯಲ್ಲಿರುತ್ತದೆ.

ನ್ಯೂಯಾರ್ಕಿನಲ್ಲಿ ನಾಲ್ಕು ದಿನ ಇರಿ. ಸ್ವಾತಂತ್ರ್ಯ ದೇವಿಯ ಪ್ರತಿಮೆಯನ್ನು ನೋಡಲು ಸ್ಟ್ಯಾಟನ್ ಐಲೆಂಡಿನ ಉಚಿತ ದೋಣಿ ಹತ್ತಿ. 25 ನಿಮಿಷದ ದಾರಿ, ಹೋಗುವಾಗ ಬಲಬದಿಗೆ ನಿಲ್ಲಿ. ಒಂದು ಮಧ್ಯಾಹ್ನ 7ನೇ ಸಂಖ್ಯೆಯ ರೈಲಿನಲ್ಲಿ ಕೊನೆಯ ನಿಲ್ದಾಣ ಫ್ಲಶಿಂಗ್‌ಗೆ ಹೋದರೆ, 1977ರಲ್ಲಿ ಕುಂಭಾಭಿಷೇಕವಾದ ಗಣೇಶನ ಗುಡಿಯ ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ಬಿಸಿ ದೋಸೆ ಸಿಗುತ್ತದೆ. ಊರಿಗೆ ಮರಳಿದ ಮೇಲೂ ಒಂದು ಕೆಲಸ ಉಳಿದಿರುತ್ತದೆ: ಅಲ್ಲಿ ಏನೂ ಸಂಪಾದಿಸದಿದ್ದರೂ ಜೆ-1 ವಿದ್ಯಾರ್ಥಿಗಳು ಅಮೆರಿಕದ ತೆರಿಗೆ ಇಲಾಖೆಗೆ ಫಾರ್ಮ್ 8843 ಕಳಿಸಬೇಕು. ನೀವು ಅಲ್ಲಿದ್ದ ವರ್ಷದ್ದನ್ನು ಮರುವರ್ಷದ ಜೂನ್ 15ರೊಳಗೆ ಅಂಚೆಗೆ ಹಾಕಿದರಾಯಿತು. ಆ ದಿನಾಂಕವನ್ನು ಅಪ್ಪನ ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಸಿ.